ಚೌಕಾಸಿ ಮಾಡದ ಗಿರಾಕಿ ಬಂದರೆ ಹುಷಾರು: ಆನ್‌ಲೈನ್‌ನಲ್ಲಿ ಹೊಸದಾಗಿ ಮಾರುವವರಿಗೆ

ಮನೆ ಬದಲಾಯಿಸುತ್ತಿದ್ದೀರಿ, ಹಳೆಯ ವಾಷಿಂಗ್ ಮಷೀನ್ ಹೊಸ ಮನೆಗೆ ಬೇಡ. ನಾಲ್ಕು ಫೋಟೋ ತೆಗೆದು ಓಎಲ್‌ಎಕ್ಸ್‌ಗೋ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗೋ ಹಾಕಿ ಎಂಟು ಸಾವಿರ ಅಂತ ಬರೆಯುತ್ತೀರಿ, ಆರಕ್ಕೆ ಹೋದರೂ ಸಾಕು ಅಂತ ಮನಸ್ಸಿನಲ್ಲಿ ಲೆಕ್ಕ ಹಾಕಿರುತ್ತೀರಿ. ಸ್ವಲ್ಪ ಹೊತ್ತಿಗೇ ಫೋನ್ ಬರುತ್ತದೆ. ಎಷ್ಟು ವರ್ಷದ್ದು ಅಂತ ಅವನು ಕೇಳುವುದಿಲ್ಲ. ಟಾಪ್ ಲೋಡೋ ಫ್ರಂಟ್ ಲೋಡೋ ಕೇಳುವುದಿಲ್ಲ. "ಎಂಟು ಸಾವಿರ ಅಲ್ವಾ? ಓಕೆ ಸರ್. ಈಗಲೇ ಪೇಮೆಂಟ್ ಮಾಡ್ತೀನಿ, ಜಾಹೀರಾತು ತೆಗೆದುಬಿಡಿ" ಅನ್ನುತ್ತಾನೆ.

ಖುಷಿ ಪಡಬೇಡಿ. ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ಜನ ನಾವು. ಕಣ್ಣಲ್ಲಿ ನೋಡದ ಹಳೆ ಸಾಮಾನಿಗೆ ಹೇಳಿದಷ್ಟು ಕೊಡುತ್ತೇನೆ ಅನ್ನುವವನಿಗೆ ಆ ಸಾಮಾನು ಬೇಕಾಗಿಯೇ ಇಲ್ಲ. ಅದಕ್ಕೇ ಅದರ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಅವನಿಗೆ ಬೇಕಿರುವುದು ನಿಮ್ಮ ಬ್ಯಾಂಕ್ ಖಾತೆ.

ಕೊಳ್ಳುವಾಗ ನಾವೆಲ್ಲ ಸ್ವಲ್ಪ ಅನುಮಾನದಲ್ಲೇ ಇರುತ್ತೇವೆ. ಮಾರುವಾಗ ಮಾತ್ರ ದುಡ್ಡು ಬರಬೇಕಾದದ್ದು ನಮಗೇ ತಾನೇ, ಹೋಗುವುದೇನು ಅಂತ ಮೈಮರೆಯುತ್ತೇವೆ. ಅಲ್ಲೇ ಸಿಕ್ಕಿಬೀಳುವುದು.

ಹೆಜ್ಜೆ 1: ಜಾಹೀರಾತು ಹಾಕುವ ಮೊದಲು

ಮಾರಾಟದ ದುಡ್ಡಿಗೆ ಅಂತಲೇ ಒಂದು ಬೇರೆ ಉಳಿತಾಯ ಖಾತೆ ಇಟ್ಟುಕೊಳ್ಳಿ. ಸಂಬಳ ಬರುವ ಖಾತೆ, ಎಫ್‌ಡಿ ಇರುವ ಖಾತೆ ಬೇಡ. ಇದರಲ್ಲಿ ಐನೂರೋ ಸಾವಿರವೋ ಇದ್ದರೆ ಸಾಕು. ನಾಳೆ ಏನಾದರೂ ಎಡವಟ್ಟಾದರೆ ಹೋಗುವುದು ಅಷ್ಟೇ. ಇದಕ್ಕೆ ಇನ್ನೊಂದು ಕಾರಣವೂ ಇದೆ, ಹೆಜ್ಜೆ 5ರಲ್ಲಿ ಬರುತ್ತದೆ.

ಜಾಹೀರಾತಿನ ವಿವರಣೆಯಲ್ಲಿ ಫೋನ್ ನಂಬರ್ ಬರೆಯಬೇಡಿ, ಆಪ್‌ನ ಚಾಟ್‌ನಲ್ಲೇ ಮಾತಾಡಿ. ಮನೆ ನಂಬರ್, ಬಾಗಿಲ ಮೇಲಿನ ಹೆಸರು, ಬಿಲ್ಲಿನಲ್ಲಿರುವ ವಿಳಾಸ, ಫೋನ್ ಮಾರುತ್ತಿದ್ದರೆ ಅದರ ಐಎಂಇಐ (ಆ ಫೋನಿನ ಗುರುತಿನ ನಂಬರ್), ಇದ್ಯಾವುದೂ ಫೋಟೋದಲ್ಲಿ ಕಾಣಬಾರದು. ಏರಿಯಾ ಹೆಸರು ಸಾಕು.

ಹೆಜ್ಜೆ 2: ಮೊದಲ ಮಾತಿನಲ್ಲೇ ಜರಡಿ ಹಿಡಿಯಿರಿ

ನಿಜವಾದ ಗಿರಾಕಿ ಕಾಟ ಕೊಡುತ್ತಾನೆ. ಬಿಲ್ ಇದೆಯಾ, ಗೀರು ಬಿದ್ದಿದೆಯಾ, ಕೊನೆ ರೇಟು ಎಷ್ಟು, ಭಾನುವಾರ ಬರಲಾ, ಹೆಂಡತಿಗೆ ತೋರಿಸಿ ಹೇಳಲಾ. ಈ ಕಾಟ ಒಳ್ಳೆಯ ಲಕ್ಷಣ. ಮೋಸದವನಿಗೆ ಸಾಮಾನಿನ ಮೇಲೆ ಗಮನವಿಲ್ಲ, ಅವಸರ ಜಾಸ್ತಿ, ಬೇಗ ವಾಟ್ಸಾಪ್‌ಗೆ ಎಳೆಯುತ್ತಾನೆ. ಆಪ್‌ನ ಚಾಟ್‌ನಲ್ಲಿದ್ದರೆ ಅವನ ಮೇಲೆ ದೂರು ಕೊಟ್ಟು ಖಾತೆ ಮುಚ್ಚಿಸಬಹುದು, ಅದು ಅವನಿಗೂ ಗೊತ್ತು.

ನೀವೇ ಒಂದು ಪ್ರಶ್ನೆ ಹಾಕಿ ನೋಡಿ: "ಯಾವತ್ತು ಬಂದು ನೋಡ್ತೀರಾ?" ಬರುವುದಿಲ್ಲ ಅನ್ನಲು ಅವನ ಹತ್ತಿರ ಸಿದ್ಧ ಕಥೆ ಇರುತ್ತದೆ. ಅದರಲ್ಲಿ ತುಂಬಾ ಹಳೆಯದು, ಇವತ್ತಿಗೂ ಓಡುತ್ತಿರುವುದು ಸೈನಿಕನ ಕಥೆ. "ನಾನು ಆರ್ಮಿಯಲ್ಲಿದ್ದೇನೆ" ಅಥವಾ "ಸಿಐಎಸ್‌ಎಫ್, ಏರ್‌ಪೋರ್ಟ್ ಡ್ಯೂಟಿ, ಈಗಷ್ಟೇ ಬೆಂಗಳೂರಿಗೆ ಟ್ರಾನ್ಸ್‌ಫರ್ ಆಗಿದೆ" ಅನ್ನುತ್ತಾನೆ. ಕೇಳದೆಯೇ ಐಡಿ ಕಾರ್ಡ್, ಕ್ಯಾಂಟೀನ್ ಕಾರ್ಡ್, ಆಧಾರ್, ಸಮವಸ್ತ್ರದ ಫೋಟೋ ಎಲ್ಲ ವಾಟ್ಸಾಪ್‌ನಲ್ಲಿ ಬರುತ್ತವೆ. ಈ ಕಥೆ ಯಾಕೆ ಇಷ್ಟು ಚೆನ್ನಾಗಿ ಓಡುತ್ತದೆ ನೋಡಿ: ಸೈನಿಕನ ಮೇಲೆ ಅನುಮಾನ ಪಡಲು ನಮಗೆ ಸಂಕೋಚ, ಅವನು ಖುದ್ದಾಗಿ ಬರದಿರಲು ಡ್ಯೂಟಿ ಅನ್ನುವ ನೆಪ ಸಿಗುತ್ತದೆ, ಹಿಂದಿ ಮಾತಾಡಿದರೂ ವಿಚಿತ್ರ ಅನ್ನಿಸುವುದಿಲ್ಲ, ಮತ್ತು "ಆರ್ಮಿ ಅಕೌಂಟ್‌ನ ಪೇಮೆಂಟ್ ಪದ್ಧತಿಯೇ ಬೇರೆ" ಅಂತ ಮುಂದೆ ಹೇಳುವ ಸುಳ್ಳಿಗೆ ಇಲ್ಲೇ ಅಡಿಪಾಯ ಬೀಳುತ್ತದೆ. ಸೈನಿಕರ ಸಂಬಳವೂ ಮಾಮೂಲಿ ಬ್ಯಾಂಕ್ ಖಾತೆಗೇ ಬರುವುದು. ಅವರ ಯುಪಿಐ ಬೇರೆ ಥರ ಕೆಲಸ ಮಾಡುವುದಿಲ್ಲ. ಇನ್ನು ಆ ಐಡಿ ಕಾರ್ಡ್, ಇನ್ಯಾರೋ ಮೋಸ ಹೋದವರು ನಂಬಿ ಕಳಿಸಿದ್ದೂ ಆಗಿರಬಹುದು. ಹಾಗಾಗಿ ನಿಮ್ಮ ಆಧಾರ್, ಪಾನ್ ಫೋಟೋ ಯಾವ ಗಿರಾಕಿಗೂ ಕಳಿಸಬೇಡಿ.

ಟ್ರೂಕಾಲರ್‌ನಲ್ಲಿ "ಇಂಡಿಯನ್ ಆರ್ಮಿ" ಅಂತ ತೋರಿಸಿತು ಅಂತ ನಂಬುವವರಿದ್ದಾರೆ. ಅಲ್ಲಿನ ಹೆಸರು ಜನ ಹಾಕಿದ್ದು, ಸರ್ಕಾರ ಕೊಟ್ಟದ್ದಲ್ಲ.

ಹೆಜ್ಜೆ 3: ದುಡ್ಡು ಪಡೆಯಲು ಪಿನ್ ಬೇಕಾಗಿಲ್ಲ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ, ಮನೆಯಲ್ಲಿ ಅಪ್ಪ ಅಮ್ಮನಿಗೂ ಓದಿ ಹೇಳಿ.

ಯುಪಿಐ ಪಿನ್ ಒತ್ತುವುದು ದುಡ್ಡು ಕಳಿಸಲು, ಇಲ್ಲವೇ ಬ್ಯಾಲೆನ್ಸ್ ನೋಡಲು. ದುಡ್ಡು ಪಡೆಯಲು ನೀವು ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ, ಯಾವುದಕ್ಕೂ ಒಪ್ಪಿಗೆ ಕೊಡಬೇಕಿಲ್ಲ. ನೀವು ಮಲಗಿದ್ದರೂ ದುಡ್ಡು ಬರುತ್ತದೆ. ಆದರೆ ಅವಸರದಲ್ಲಿ ಇದು ಹೇಗೆ ಮರೆತುಹೋಗುತ್ತದೆ ಅಂತ ತಿಳಿಯಲು ಆ ಸಂಭಾಷಣೆಯನ್ನು ಹತ್ತಿರದಿಂದ ನೋಡಬೇಕು.

ಮೊದಲು ನಂಬಿಕೆ ಹುಟ್ಟಿಸುತ್ತಾನೆ. "ಸರ್, ಅಕೌಂಟ್ ಸರಿ ಇದೆಯಾ ನೋಡೋಣ, ನೀವು ಒಂದು ರೂಪಾಯಿ ಕಳಿಸಿ, ನಾನು ಎರಡು ಕಳಿಸ್ತೀನಿ." ನೀವು ಒಂದು ಕಳಿಸುತ್ತೀರಿ. ನಿಜಕ್ಕೂ ಎರಡು ಬರುತ್ತದೆ! "ದೇಖಾ ಸರ್? ಅಬ್ ಪೂರಾ ಪೇಮೆಂಟ್ ಕರ್ತಾ ಹೂಂ" ಅನ್ನುತ್ತಾನೆ. ವಾಟ್ಸಾಪ್‌ಗೆ ಒಂದು ಕ್ಯೂಆರ್ ಬರುತ್ತದೆ. ಅದರ ಕೆಳಗೆ "ರಿಸೀವ್ ₹8,000" ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ, ಜೊತೆಗೆ ಹಸಿರು ಟಿಕ್, ಪರಿಚಿತ ಆಪ್‌ನ ಲೋಗೋ. "ಇದನ್ನ ಸ್ಕ್ಯಾನ್ ಮಾಡಿ, ಪಿನ್ ಹಾಕಿ, ತಕ್ಷಣ ಬರುತ್ತೆ, ಫೋನ್ ಮಾತ್ರ ಕಟ್ ಮಾಡಬೇಡಿ."

ಫೋನ್ ಕಟ್ ಮಾಡಬೇಡಿ ಅನ್ನುವುದು ಯಾಕೆ ಗೊತ್ತಾ? ಕಟ್ ಮಾಡಿದರೆ ನೀವು ಯೋಚನೆ ಮಾಡುತ್ತೀರಿ. ಪಕ್ಕದಲ್ಲಿ ಮಗ ಇದ್ದರೆ ಅವನನ್ನು ಕೇಳುತ್ತೀರಿ.

ಕ್ಯೂಆರ್‌ನ ಮೇಲೆ ಕೆಳಗೆ ಬರೆದ ಅಕ್ಷರಗಳಿಗೆ ಯಾವ ಬೆಲೆಯೂ ಇಲ್ಲ, ಅದು ಬರೀ ಚಿತ್ರ, ಯಾರು ಏನು ಬೇಕಾದರೂ ಬರೆಯಬಹುದು. ನಿಜ ಹೇಳುವುದು ಸ್ಕ್ಯಾನ್ ಮಾಡಿದ ಮೇಲೆ ನಿಮ್ಮ ಆಪ್‌ನಲ್ಲಿ ಬರುವ ಪರದೆ. ಅಲ್ಲಿ ಯಾರದೋ ಹೆಸರು, ಮೊತ್ತ, ಕೆಳಗೆ "ಪೇ" ಅನ್ನುವ ಬಟನ್. ಅದನ್ನು ಒತ್ತಿದ ಮೇಲೆ ಪಿನ್ ಕೇಳುವ ಪರದೆಯಲ್ಲೂ ಯಾರಿಗೆ ಎಷ್ಟು ಹೋಗುತ್ತಿದೆ ಅಂತ ಮೇಲ್ಗಡೆಯೇ ಇರುತ್ತದೆ. ಎಷ್ಟೋ ಜನ ಇದನ್ನು ನೋಡುವುದೇ ಇಲ್ಲ, ಕಿವಿಯಲ್ಲಿ ಅವನ ಮಾತು, ಬೆರಳಿಗೆ ಅಭ್ಯಾಸವಾಗಿರುವ ಪಿನ್. ಎಂಟು ಸಾವಿರ ಹೋದ ಮೇಲೆ "ಅಯ್ಯೋ ಸಾರಿ ಸರ್, ತಪ್ಪು ಕೋಡ್ ಕಳಿಸಿದೆ, ವಾಪಸ್ ಹಾಕ್ತೀನಿ" ಅಂತ ಇನ್ನೊಂದು ಕೋಡ್ ಬರುತ್ತದೆ. ಹೋದ ದುಡ್ಡು ಬರಲಿ ಅನ್ನುವ ಆತುರಕ್ಕೆ ಮತ್ತೆ ಒತ್ತುತ್ತಾರೆ. ಒಂದಕ್ಕೇ ನಿಲ್ಲುವುದು ಅಪರೂಪ.

ಮೊದಲೆಲ್ಲ ಕ್ಯೂಆರ್ ಬದಲು "ಕಲೆಕ್ಟ್ ರಿಕ್ವೆಸ್ಟ್", ಅಂದರೆ ಆಪ್‌ನಲ್ಲೇ ದುಡ್ಡು ಕೇಳುವ ಕೋರಿಕೆ, ಕಳಿಸುತ್ತಿದ್ದರು. ಅದನ್ನು ಒಪ್ಪಿಕೊಂಡರೆ ದುಡ್ಡು ಹೋಗುತ್ತಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ಕೋರಿಕೆಗಳನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್‌ನಿಂದ ನಿಲ್ಲಿಸಿದೆ. ಒಳ್ಳೆಯದಾಯಿತು. ಆದರೆ ಕ್ಯೂಆರ್ ಕೋಡ್ ಮತ್ತು ಪೇಮೆಂಟ್ ಲಿಂಕ್ ಇನ್ನೂ ಇವೆ, ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿತು ಅಂದುಕೊಳ್ಳಬೇಡಿ.

ನೀವು ಮಾಡಬೇಕಾದದ್ದು ಇಷ್ಟೇ: ನಿಮ್ಮ ಯುಪಿಐ ಐಡಿಯನ್ನೋ ನಿಮ್ಮದೇ ಕ್ಯೂಆರ್ ಅನ್ನೋ ಕೊಡಿ. ಅವನು ಹಾಕಲಿ. "ನನ್ನದು ಆಗ್ತಿಲ್ಲ, ನೀವೇ ಸ್ಕ್ಯಾನ್ ಮಾಡಿ" ಅಂದರೆ ಕ್ಯಾಶ್ ತರಲು ಹೇಳಿ, ಮಾತು ಮುಗಿಸಿ. ಸಮಜಾಯಿಷಿ ಕೊಡುತ್ತಾ ಕೂರಬೇಡಿ.

ಹೆಜ್ಜೆ 4: ದುಡ್ಡು ಬಂತಾ ಅಂತ ನಿಮ್ಮ ಖಾತೆಯಲ್ಲೇ ನೋಡಿ

ಪೇಮೆಂಟ್ ಆಪ್‌ಗಳ ಥರವೇ ಕಾಣುವ ನಕಲಿ ಆಪ್‌ಗಳಿವೆ. ನಿಮ್ಮ ಹೆಸರು, ಮೊತ್ತ ಹಾಕಿದರೆ ಸಾಕು, ಹಸಿರು ಪರದೆ, ಟಿಕ್ ಗುರುತು, ಸಮಯ, ವಹಿವಾಟಿನ ನಂಬರ್ ಎಲ್ಲ ಬರುತ್ತದೆ, ಸದ್ದೂ ಬರುತ್ತದೆ. ಎದುರಿಗೇ ನಿಂತು ತೋರಿಸಿದರೂ ನಂಬುವ ಹಾಗಿಲ್ಲ. ಎಸ್ಸೆಮ್ಮೆಸ್ ಕೂಡ ಅಷ್ಟೇ. "ನಿಮ್ಮ ಖಾತೆಗೆ 8,000 ಜಮಾ" ಅನ್ನುವ ಸಂದೇಶ ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದು ಬ್ಯಾಂಕಿನದ್ದಲ್ಲ. ಬ್ಯಾಂಕಿನ ಸಂದೇಶ ಅಕ್ಷರಗಳ ಹೆಸರಿನಿಂದ ಬರುತ್ತದೆ. 2025ರಿಂದ ಅದರ ಕೊನೆಗೆ ಅಡ್ಡಗೆರೆ ಹಾಕಿ ಎಸ್ ಅಥವಾ ಟಿ ಅನ್ನುವ ಇಂಗ್ಲಿಷ್ ಅಕ್ಷರವೂ ಇರುತ್ತದೆ, ಜಾಹೀರಾತಿನದ್ದಾದರೆ ಪಿ, ಸರ್ಕಾರದ್ದಾದರೆ ಜಿ. ಇದು ಗೊತ್ತಿರಲಿ, ಆದರೆ ಬರೀ ಇದನ್ನೇ ನೆಚ್ಚಿಕೊಳ್ಳಬೇಡಿ. ಬ್ಯಾಂಕಿನ ಆಪ್ ತೆರೆದು ಬ್ಯಾಲೆನ್ಸ್ ನೋಡಿ. ಏರಿದ್ದರೆ ಬಂದಿದೆ, ಇಲ್ಲದಿದ್ದರೆ ಇಲ್ಲ.

"ನೆಫ್ಟ್ ಮಾಡಿದ್ದೀನಿ, ನಾಳೆ ಬರುತ್ತೆ, ಸಾಮಾನು ಈಗ ಕೊಡಿ" ಅನ್ನುವವರೂ ಇದ್ದಾರೆ. ನೆಫ್ಟ್, ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ವ್ಯವಸ್ಥೆ, 2019ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ, ಭಾನುವಾರವೂ, ಅರ್ಧ ಗಂಟೆಗೊಂದು ಕಂತಿನಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಒಂದೆರಡು ಗಂಟೆಯೊಳಗೆ ಬಂದುಬಿಡುತ್ತದೆ. ಬರಲಿ, ಆಮೇಲೆ ಕೊಟ್ಟರಾಯಿತು.

ಈಚೆಗೆ ಜಾಸ್ತಿಯಾಗಿರುವ ಆಟ ಇನ್ನೊಂದು. ಗಿರಾಕಿ ತಾನು ಬರುವುದಿಲ್ಲ, ಪೋರ್ಟರ್ ಆಪ್‌ನಲ್ಲಿ ಬುಕ್ ಮಾಡಿದ ಸಾಮಾನು ಸಾಗಿಸುವ ಗಾಡಿಯನ್ನೋ ಬೈಕ್ ಪಾರ್ಸೆಲ್ ಹುಡುಗನನ್ನೋ ಕಳಿಸುತ್ತಾನೆ. ಹುಡುಗ ಬಾಗಿಲಲ್ಲಿ ನಿಂತು "ಸರ್ ಬೇಗ, ನಂಗೆ ಇನ್ನೊಂದು ಆರ್ಡರ್ ಇದೆ" ಅನ್ನುತ್ತಿರುವಾಗಲೇ ಇತ್ತ ಪೇಮೆಂಟ್ ಆದ ಸ್ಕ್ರೀನ್‌ಶಾಟ್ ಬರುತ್ತದೆ. ಪಾಪ, ಆ ಹುಡುಗನಿಗೆ ಏನೂ ಗೊತ್ತಿರುವುದಿಲ್ಲ. ಅವನನ್ನು ಬೈಯಬೇಡಿ, ಆದರೆ ದುಡ್ಡು ಖಾತೆಗೆ ಬರುವವರೆಗೆ ಸಾಮಾನು ಒಳಗೇ ಇರಲಿ.

ಹೆಜ್ಜೆ 5: "ಜಾಸ್ತಿ ಹೋಯ್ತು, ವಾಪಸ್ ಹಾಕಿ"

ಎರಡು ಸಾವಿರದ ಬದಲು ಇಪ್ಪತ್ತು ಸಾವಿರ ಹಾಕಿಬಿಟ್ಟೆ, ಹದಿನೆಂಟು ವಾಪಸ್ ಕಳಿಸಿ, ಅಮ್ಮ ಆಸ್ಪತ್ರೆಯಲ್ಲಿದ್ದಾರೆ ಅಂತ ಅಳುತ್ತಾನೆ. ಮುಕ್ಕಾಲು ಪಾಲು ಇದು ನಕಲಿ ಎಸ್ಸೆಮ್ಮೆಸ್, ದುಡ್ಡು ಬಂದೇ ಇರುವುದಿಲ್ಲ. ಹೆಜ್ಜೆ 4ನ್ನು ಪಾಲಿಸಿದರೆ ಇದು ಅಲ್ಲೇ ಸತ್ತಿತು.

ನಿಜಕ್ಕೂ ಬಂದಿದ್ದರೆ ಇನ್ನೂ ಹುಷಾರಾಗಿರಬೇಕು. ಅದು ಬೇರೆ ಯಾರಿಗೋ ಮೋಸ ಮಾಡಿ ಕಿತ್ತ ದುಡ್ಡಾಗಿರಬಹುದು, ನಿಮ್ಮ ಖಾತೆಯನ್ನು ದಾಟಿಸಲು ಬಳಸುತ್ತಿರಬಹುದು. ಆ ಮೋಸ ಹೋದವರು ತಮ್ಮ ಊರಲ್ಲಿ ದೂರು ಕೊಟ್ಟರೆ ಪೊಲೀಸರು ದುಡ್ಡಿನ ಜಾಡು ಹಿಡಿದು ನಿಮ್ಮ ಬ್ಯಾಂಕಿಗೆ ಬರೆಯುತ್ತಾರೆ, ಖಾತೆ ಫ್ರೀಜ್ ಆಗುತ್ತದೆ, ಬಿಡಿಸಿಕೊಳ್ಳಲು ಬೇರೆ ರಾಜ್ಯದ ಠಾಣೆಗೆ ಪತ್ರ ಬರೆಯುತ್ತಾ ತಿಂಗಳುಗಟ್ಟಲೆ ಅಲೆಯಬೇಕಾಗಬಹುದು. ಸಂಬಳದ ಖಾತೆ ಬೇಡ ಅಂದದ್ದು ಇದಕ್ಕೇ. ಜಾಸ್ತಿ ಬಂದ ದುಡ್ಡನ್ನು ಅವನು ಹೇಳಿದ ಬೇರೆ ನಂಬರಿಗೆ ಕಳಿಸಬೇಡಿ, ಖರ್ಚೂ ಮಾಡಬೇಡಿ. "ನಿಮ್ಮ ಬ್ಯಾಂಕಿನಲ್ಲಿ ದೂರು ಕೊಡಿ, ಅವರು ಕೇಳಿದರೆ ನಾನು ಒಪ್ಪಿಗೆ ಕೊಡ್ತೀನಿ" ಅನ್ನಿ, ನಿಮ್ಮ ಬ್ಯಾಂಕಿಗೂ ಒಂದು ಇಮೇಲ್ ಹಾಕಿಡಿ. ನಿಜವಾಗಿ ತಪ್ಪಿ ಹಾಕಿದವರು ಇದಕ್ಕೆ ಒಪ್ಪುತ್ತಾರೆ.

ಹೆಜ್ಜೆ 6: ಲಿಂಕ್, ಓಟಿಪಿ, ಆಪ್

ಇದನ್ನು ಬೇಗ ಮುಗಿಸೋಣ. "ಕೊರಿಯರ್ ಪಿಕಪ್‌ಗೆ ಈ ಲಿಂಕ್‌ನಲ್ಲಿ ಐದು ರೂಪಾಯಿ ಕಟ್ಟಿ" ಅಂದರೆ ಕಟ್ಟಬೇಡಿ, ಕಾರ್ಡಿನ ವಿವರ ಅಲ್ಲಿಂದ ಹೋಗುತ್ತದೆ. "ನೀವು ಅಸಲಿ ಮಾರಾಟಗಾರರಾ ನೋಡೋಕೆ ಒಂದು ಕೋಡ್ ಕಳಿಸಿದ್ದೀನಿ, ಹೇಳಿ" ಅಂದರೆ ಅದು ನಿಮ್ಮ ವಾಟ್ಸಾಪ್ ಕಿತ್ತುಕೊಳ್ಳುವ ಆರಂಕಿಯ ಕೋಡ್ ಆಗಿರಬಹುದು. ಎನಿಡೆಸ್ಕ್, ಟೀಮ್‌ವ್ಯೂವರ್ ಥರದ್ದನ್ನು ಹಾಕಿಕೊಳ್ಳಿ ಅಂದರೆ ನಿಮ್ಮ ಪರದೆ ಅವನಿಗೆ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆಪ್ ಹಾಕುವ ಫೈಲ್), ಅದರ ಹೆಸರು ಏನೇ ಇರಲಿ, ಒತ್ತಬೇಡಿ. *21* ಅಥವಾ *401* ಒತ್ತಿ ಈ ನಂಬರಿಗೆ ಕಾಲ್ ಮಾಡಿ ಅಂದರೆ ನಿಮ್ಮ ಕರೆಗಳನ್ನೆಲ್ಲ ತನ್ನ ಕಡೆ ತಿರುಗಿಸಿಕೊಳ್ಳುವ ಪ್ರಯತ್ನ ಅದು.

ಹೆಜ್ಜೆ 7: ಸಾಮಾನು ಕೈಗೆ ಕೊಡುವಾಗ

ಚಿಕ್ಕ ಸಾಮಾನಾದರೆ ಮನೆಗೆ ಕರೆಯಬೇಡಿ. ಮೆಟ್ರೋ ನಿಲ್ದಾಣದ ಬಾಗಿಲು, ಬ್ಯಾಂಕ್ ಮುಂದೆ, ಜನ ಓಡಾಡುವ ಹೋಟೆಲ್, ಹೀಗೆ ಸಿಸಿಟಿವಿ ಇರುವ ಕಡೆ ಹಗಲು ಹೊತ್ತಿನಲ್ಲಿ ಭೇಟಿಯಾಗಿ. ಫ್ರಿಜ್, ಸೋಫಾ ಥರದ್ದಾದರೆ ಮನೆಗೇ ಬರಬೇಕಲ್ಲ, ಆಗ ಜೊತೆಗೆ ಇನ್ನೊಬ್ಬರಿರಲಿ. ಫೋನ್ ಮಾರುವವರು ದುಡ್ಡು ಬಂದ ಮೇಲೆಯೇ ಗೂಗಲ್ ಅಥವಾ ಆಪಲ್ ಖಾತೆ ತೆಗೆದು ರೀಸೆಟ್ ಮಾಡಿ.

ಬೈಕ್ ಮಾರುವವರಿಗೆ ಪ್ರತ್ಯೇಕವಾಗಿ ಹೇಳಬೇಕು. ಟೆಸ್ಟ್ ರೈಡ್ ಅಂತ ಹೋದವನು ವಾಪಸ್ ಬರದಿರುವುದು ಬೆಂಗಳೂರಿನಲ್ಲಿ ಪದೇ ಪದೇ ನಡೆಯುವ ಕಥೆ. ಅವನು ಒತ್ತೆ ಇಟ್ಟು ಹೋದ ಲೈಸೆನ್ಸ್ ನಕಲಿ, ಬಿಟ್ಟುಹೋದ ಗಾಡಿ ಕದ್ದದ್ದು, ಜೊತೆಗೆ ಬಂದ "ಸ್ನೇಹಿತ" ದಾರಿಯಲ್ಲಿ ಸಿಕ್ಕವನು ಆಗಿರಬಹುದು. ಹಿಂದಿನ ಸೀಟಿನಲ್ಲಿ ನೀವು ಕೂತುಕೊಳ್ಳಿ, ಅಥವಾ ಪೂರ್ತಿ ದುಡ್ಡು ಬಂದ ಮೇಲೆ ಓಡಿಸಲಿ. ದುಡ್ಡು ಬಂದ ಕೂಡಲೇ ಕೆಲಸ ಮುಗಿಯಲಿಲ್ಲ. ಗಾಡಿಯನ್ನು ಅವನ ಹೆಸರಿಗೆ ಮಾಡಿಸುವ ಫಾರ್ಮ್ 29, ಫಾರ್ಮ್ 30ಕ್ಕೆ ತಾರೀಖು ಹಾಕಿ ಸಹಿ ಮಾಡಿ, ಖಾಲಿ ಬಿಡಬೇಡಿ, ಆರ್‌ಸಿ ಅವನ ಹೆಸರಿಗೆ ಆಯಿತಾ ಅಂತ ಕೊನೆವರೆಗೂ ಬೆನ್ನು ಹತ್ತಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಹೆಜ್ಜೆ 8: ಪಾರ್ಸೆಲ್ ಕಳಿಸಿ ಮಾರುವವರಿಗೆ

ಮೀಶೋ, ಫ್ಲಿಪ್‌ಕಾರ್ಟ್, ಅಮೆಜಾನ್‌ನಲ್ಲಿ ಅಂಗಡಿ ತೆರೆದವರಿಗೆ ಕ್ಯೂಆರ್ ಕಾಟ ಕಡಿಮೆ, ರಿಟರ್ನ್ ಕಾಟ ಜಾಸ್ತಿ. ಇಳಕಲ್ ಸೀರೆ ಕಳಿಸಿದರೆ ವಾಪಸ್ ಬರುವುದು ಯಾವುದೋ ಹಳೆಯ ಪಾಲಿಯೆಸ್ಟರ್ ಸೀರೆ. ಅಥವಾ ಸೀರೆ ಅದೇ, ಬ್ಲೌಸ್ ಪೀಸ್ ಮಾತ್ರ ಕತ್ತರಿಸಿ ಇಟ್ಟುಕೊಂಡಿರುತ್ತಾರೆ. ಮದುವೆಗೆ ಒಂದು ದಿನ ಉಟ್ಟು, ಕುಂಕುಮದ ಕಲೆ ಸಮೇತ "ಬಣ್ಣ ಇಷ್ಟವಾಗಲಿಲ್ಲ" ಅಂತ ಕಳಿಸುವವರೂ ಇದ್ದಾರೆ.

ಇದಕ್ಕೆ ಇರುವ ಮದ್ದು ವಿಡಿಯೋ. ಪ್ಯಾಕ್ ಮಾಡುವಾಗ ಸಾಮಾನು, ಅದರ ಟ್ಯಾಗ್, ಬ್ಲೌಸ್ ಪೀಸಿನ ಅಂಚು, ಒಳಗಿಡುವುದು, ಟೇಪ್ ಹಾಕುವುದು, ಮೇಲಿನ ಲೇಬಲ್‌ನ ನಂಬರ್, ಇಷ್ಟೂ ಒಂದೇ ವಿಡಿಯೋದಲ್ಲಿ, ನಡುವೆ ನಿಲ್ಲಿಸದೆ ಬರಬೇಕು. ತುಂಡು ತುಂಡಾದ ವಿಡಿಯೋ ಕಂಪನಿಯಿಂದ ನಷ್ಟ ಕೇಳುವ ಕ್ಲೇಮ್‌ನಲ್ಲಿ ನಿಲ್ಲುವುದಿಲ್ಲ. ರಿಟರ್ನ್ ಬಂದಾಗಲೂ ಬಿಚ್ಚುವ ಮೊದಲೇ ಕ್ಯಾಮೆರಾ ಆನ್ ಮಾಡಿ, ಲೇಬಲ್ ತೋರಿಸಿ, ಎಲ್ಲ ಬದಿ ತಿರುಗಿಸಿ, ತೂಕದ ಯಂತ್ರ ಇದ್ದರೆ ತೂಕ ತೋರಿಸಿ, ಆಮೇಲೆ ಕತ್ತರಿ ಹಾಕಿ. ಉಡಬೇಕಾದರೆ ಕಿತ್ತೇ ತೀರಬೇಕಾದ ಜಾಗದಲ್ಲಿ ಒಂದು ಟ್ಯಾಗ್ ಹಾಕಿಡಿ. ಕ್ಲೇಮ್ ಹಾಕಲು ಪ್ರತಿ ಕಂಪನಿಯೂ ಇಷ್ಟೇ ದಿನ ಅಂತ ಗಡುವು ಇಟ್ಟಿರುತ್ತದೆ, ಅದು ಬದಲಾಗುತ್ತಲೂ ಇರುತ್ತದೆ. ಹಾಗಾಗಿ ರಿಟರ್ನ್ ಚೀಲವನ್ನು ಮೂಲೆಯಲ್ಲಿ ಗುಡ್ಡೆ ಹಾಕಿ ಭಾನುವಾರ ನೋಡೋಣ ಅನ್ನಬೇಡಿ, ಬಂದ ದಿನವೇ ಬಿಚ್ಚಿ.

ಇನ್‌ಸ್ಟಾಗ್ರಾಂ, ವಾಟ್ಸಾಪ್‌ನಲ್ಲಿ ನೇರವಾಗಿ ಮಾರುವವರು ಕ್ಯಾಶ್ ಆನ್ ಡೆಲಿವರಿ ಕೊಡುವುದಾದರೆ ಹೋಗಿ ಬರುವ ಕೊರಿಯರ್ ಖರ್ಚಿನಷ್ಟಾದರೂ ಮುಂಗಡ ತೆಗೆದುಕೊಳ್ಳಿ. ನೂರು ರೂಪಾಯಿ ಕೊಡಲು ಹಿಂಜರಿಯುವವರು ಪಾರ್ಸೆಲ್ ಬಂದಾಗ ಫೋನ್ ಎತ್ತುವುದಿಲ್ಲ. "ನನಗೆ ಸೇರಲೇ ಇಲ್ಲ" ಅನ್ನುವವರಿಗೆ ಉತ್ತರ ಕೊಡಲು ಟ್ರ್ಯಾಕಿಂಗ್ ಇರಲೇಬೇಕು. ಅಂಚೆಯ ಸ್ಪೀಡ್ ಪೋಸ್ಟ್‌ನಲ್ಲಿ 2025ರ ಅಕ್ಟೋಬರ್‌ನಿಂದ ಐದು ರೂಪಾಯಿ ಮತ್ತು ಜಿಎಸ್‌ಟಿ ಕೊಟ್ಟರೆ ಓಟಿಪಿ ಹೇಳಿದವರಿಗೇ ತಲುಪಿಸುವ ವ್ಯವಸ್ಥೆ ಇದೆ. ಬೆಲೆಬಾಳುವ ಸಾಮಾನಿಗೆ ಅದನ್ನು ಹಾಕಿಸಿ.

ಮನೆಯಲ್ಲೇ ಚಕ್ಕುಲಿ, ಕೇಕ್, ಊಟ ಮಾಡಿಕೊಡುವವರಿಗೂ ಆ ಸೈನಿಕ ಬರುತ್ತಾನೆ. "ಕ್ಯಾಂಪಿನಲ್ಲಿ ಪಾರ್ಟಿ, ನೂರು ಊಟ ಬೇಕು" ಅನ್ನುತ್ತಾನೆ. ಅಡುಗೆ ಆದ ಮೇಲೆ ಪೇಮೆಂಟ್ ಹೆಸರಲ್ಲಿ ಕ್ಯೂಆರ್ ಬರುತ್ತದೆ. ದುಡ್ಡೂ ಹೋಗುತ್ತದೆ, ಅನ್ನವೂ ಹಳಸುತ್ತದೆ. ಅರ್ಧ ಮುಂಗಡ ಖಾತೆಗೆ ಬರದೆ ಒಲೆ ಹಚ್ಚಬೇಡಿ.

ಹೆಜ್ಜೆ 9: ದುಡ್ಡು ಹೋಗಿಬಿಟ್ಟರೆ

ಮೊದಲ ಕೆಲಸ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್. ಅವನಿಗೆ ಫೋನ್ ಮಾಡಿ ಬೈಯುತ್ತಾ, ವಾಪಸ್ ಕೊಡು ಅಂತ ಕೇಳುತ್ತಾ ಕೂತರೆ ಅಷ್ಟರಲ್ಲಿ ದುಡ್ಡು ನಾಲ್ಕು ಖಾತೆ ದಾಟಿ ಎಟಿಎಂನಿಂದ ಹೊರಗೆ ಬಂದಿರುತ್ತದೆ. 1930ರವರು ಮಾಡುವುದು ದುಡ್ಡು ಈಗ ಯಾವ ಖಾತೆಯಲ್ಲಿದೆಯೋ ಅದನ್ನು ಅಲ್ಲೇ ತಡೆಹಿಡಿಸುವ ಕೆಲಸ, ಆದ್ದರಿಂದ ನಿಮಿಷ ನಿಮಿಷವೂ ಲೆಕ್ಕ. ಲೈನ್ ಸಿಗದಿದ್ದರೆ ಕಾಯಬೇಡಿ, cybercrime.gov.in ತಾಣದಲ್ಲಿ ನೇರವಾಗಿ ದೂರು ದಾಖಲಿಸಿ. ವಹಿವಾಟಿನ ನಂಬರ್, ಸಮಯ, ಮೊತ್ತ, ಅವನ ಯುಪಿಐ ಐಡಿ, ಫೋನ್ ನಂಬರ್ ಕೈಯಲ್ಲಿರಲಿ. ಚಾಟ್ ಅಳಿಸಬೇಡಿ, ನಾಚಿಕೆಯಿಂದ ಅಳಿಸುವವರು ಬಹಳ ಜನ.

ಅದೇ ಹೊತ್ತಿಗೆ ಬ್ಯಾಂಕಿಗೂ ತಿಳಿಸಿ ದೂರಿನ ನಂಬರ್ ಪಡೆಯಿರಿ. ಪಿನ್ ನಾವೇ ಒತ್ತಿದ್ದರೆ ಅಲ್ಲಿವರೆಗಿನ ನಷ್ಟ ನಮ್ಮದೇ. ಆದರೆ ಬ್ಯಾಂಕಿಗೆ ತಿಳಿಸಿದ ಮೇಲೂ ಅನಧಿಕೃತವಾಗಿ ದುಡ್ಡು ಹೋದರೆ ಅದು ಬ್ಯಾಂಕಿನ ಹೊಣೆ. ಆರ್‌ಬಿಐ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಇದಿದೆ. ಆಮೇಲೆ ನಿಮ್ಮ ಸಿಇಎನ್ ಠಾಣೆಗೆ, ಅಂದರೆ ಸೈಬರ್ ಅಪರಾಧಗಳನ್ನು ನೋಡುವ ಠಾಣೆಗೆ, ಕಾಗದ ಪತ್ರ ಸಮೇತ ಹೋಗಿ. ಜಿಲ್ಲಾ ಕೇಂದ್ರಗಳಲ್ಲಿ ಇವೆ, ಬೆಂಗಳೂರಿನಲ್ಲಿ ವಿಭಾಗಕ್ಕೊಂದಿದೆ. ದುಡ್ಡು ಹೋಗದೆ ಬರೀ ಇಂಥ ಕರೆ ಬಂದಿದ್ದರೂ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ, ಅನುಮಾನದ ಕರೆಗಳ ದೂರಿಗಿರುವ ಚಕ್ಷು ವಿಭಾಗದಲ್ಲಿ, ಆ ನಂಬರ್ ಹಾಕಿ.

ದೂರು ಕೊಟ್ಟ ಕೆಲವು ದಿನಕ್ಕೆ ಇನ್ನೊಂದು ಫೋನ್ ಬರಬಹುದು: "ಸೈಬರ್ ಸೆಲ್‌ನಿಂದ ಮಾತಾಡ್ತಿದ್ದೀವಿ, ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸೋಕೆ ಎರಡು ಸಾವಿರ ಪ್ರೊಸೆಸಿಂಗ್ ಫೀ." ಮೋಸ ಹೋದವರ ನಂಬರ್‌ಗಳು ಇಂಥವರ ನಡುವೆ ಕೈ ಬದಲಾಗುತ್ತಿರುತ್ತವೆ. 1930ಕ್ಕಾಗಲಿ ಠಾಣೆಗಾಗಲಿ ದೂರಿಗೆ ಶುಲ್ಕವಿಲ್ಲ, ತಡೆಹಿಡಿದ ದುಡ್ಡು ವಾಪಸ್ ಬರುವುದಾದರೆ ಕೋರ್ಟ್ ಅಥವಾ ಬ್ಯಾಂಕಿನ ಮೂಲಕ ನಿಮ್ಮ ಖಾತೆಗೇ ಬರುತ್ತದೆ, ಅದಕ್ಕೂ ನೀವು ಯಾವ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ.